ಹೊಟ್ಟೆ ನೆನೆಸಿಕೊಳ್ಳುವ ಹಕ್ಕಿಗಳು

ಆ ದ್ವೀಪದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಕ್ಷೆಯಲ್ಲಿದೆ, ಬೇಕಾದವರು ಹುಡುಕಿಕೊಳ್ಳಬಹುದು. ಬರೆದರೆ ಬರುವ ಶುಕ್ರವಾರದ ರಜೆಗೇ ಅಲ್ಲಿ ಸ್ಪೀಡ್‌ಬೋಟುಗಳು, ಬಾರ್ಬೆಕ್ಯೂ ಒಲೆಗಳು ಮತ್ತು ಒಂದು ಭಾರೀ ಸ್ಪೀಕರ್ ಯಥಾವಿಧಿ ಪ್ರತಿಷ್ಠಾಪನೆಯಾಗುತ್ತವೆ. ಕುವೈತಿನ ದಕ್ಷಿಣದ ಸಮುದ್ರದಲ್ಲಿ, ದಡದಿಂದ ಕಾಣದಷ್ಟು ದೂರದಲ್ಲಿ, ಒಂದಿಷ್ಟು ಮರಳು, ಮೊಣಕಾಲೆತ್ತರದ ಪೊದೆಗಳು, ಒಂದು ದೀಪದ ಕಂಬ. ಇಷ್ಟೇ ಅದರ ಆಸ್ತಿ. ಬೇಸಿಗೆಯಲ್ಲಿ ಮಾತ್ರ ಅದಕ್ಕೆ ನಿವಾಸಿಗಳು ಬರುತ್ತಾರೆ. ಟರ್ನ್ ಎಂಬ ಕಡಲಹಕ್ಕಿಗಳು ಅಲ್ಲಿ ಮೊಟ್ಟೆ ಇಡುತ್ತವೆ. ಕನ್ನಡದ ಪಕ್ಷಿಪ್ರೇಮಿಗಳು ಅದನ್ನು ರೀವ ಎನ್ನುತ್ತಾರಂತೆ. ನಮ್ಮ ಮಲ್ಪೆ ಕಡೆಯ ಮೀನುಗಾರರು ಆ ಹಕ್ಕಿ ಎಲ್ಲಿ ಮುಳುಗುತ್ತದೆ ಎಂದು ನೋಡಿ ಬಲೆ ಬೀಸುತ್ತಿದ್ದರೇ ಹೊರತು ಹೆಸರು ವಿಚಾರಿಸಿದವರಲ್ಲ.

ನಾನು ಹಡಗಿನ ಎಂಜಿನಿಯರ್. ಹಡಗು ಎಂದೊಡನೆ ಓದುಗರು ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬಾರದು. ಯೌವನದಲ್ಲಿ ತೈಲದ ವೇದಿಕೆಗಳಿಗೆ ಅಕ್ಕಿ, ಈರುಳ್ಳಿ, ಕೊಳವೆಗಳನ್ನು ಸಾಗಿಸಿ ಸವೆದ ಒಂದು ಸಣ್ಣ ಕಬ್ಬಿಣದ ನೌಕೆಗೆ ಕಂಪನಿಯವರು ಬಿಳಿ ಬಣ್ಣ ಬಳಿದು, ಡೆಕ್ಕಿನ ಮೇಲೆ ಕುರ್ಚಿ ಹಾಕಿ, 'ದ್ವೀಪಗಳ ವನ್ಯಜೀವಿ ಯಾನ' ಎಂದು ಮರುನಾಮಕರಣ ಮಾಡಿದ್ದರು. ಮುದುಕಿಗೆ ಮದುಮಗಳ ಅಲಂಕಾರ. ಸೀರೆಯೊಳಗಿನ ಮಂಡಿನೋವು ಮಾತ್ರ ನನ್ನ ಖಾತೆಗೆ.

ಯಾನದ ನಿಜವಾದ ಯಜಮಾನಿ ನಮ್ಮ ಮಾರ್ಗದರ್ಶಕಿ. ನಿವೃತ್ತ ಜೀವಶಾಸ್ತ್ರ ಶಿಕ್ಷಕಿ, ಕುವೈತಿ. ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಟೀಚರನ್ನು ಅಬ್ಲಾ ಎನ್ನುತ್ತಾರೆ. ಹಡಗಿನಲ್ಲೂ ಕ್ಯಾಪ್ಟನ್‌ನಿಂದ ಹಿಡಿದು ಎಲ್ಲರಿಗೂ ಆಕೆ ಅಬ್ಲಾ. ಆಕೆಯ ತಂದೆ ಮುಂಬಯಿಗೆ ಖರ್ಜೂರ ಮಾರುತ್ತಿದ್ದವರಾದ್ದರಿಂದ ಮನೆಯಲ್ಲಿ ಹಿಂದಿ ಬಂದು ನೆಲೆಸಿತ್ತು. ಬೈಯುವಾಗ ಅರಬ್ಬಿ, ಪಾಠಕ್ಕೆ ಇಂಗ್ಲಿಷ್, ಪ್ರೀತಿ ಬಂದರೆ ಹಿಂದಿ. ಮೊಟ್ಟೆಯ ಕಾಲದಲ್ಲಿ ಆ ದ್ವೀಪದ ಹತ್ತಿರ ಯಾರಿಗೂ ಪ್ರವೇಶವಿಲ್ಲ. ನಮಗೆ ಮಾತ್ರ ದೂರದಲ್ಲಿ ಲಂಗರು ಹಾಕಲು ಒಪ್ಪಿಗೆ ಸಿಕ್ಕಿದ್ದು ಆಕೆಯ ಮಾತಿನ ಮೇಲೆ. "ಜನ ನೋಡಿದರೆ ತಾನೇ ಉಳಿಸುತ್ತಾರೆ" ಎಂದು ಆಕೆ ಕಚೇರಿಯಿಂದ ಕಚೇರಿಗೆ ಹೋಗಿ ವಾದಿಸಿದ್ದರು. ಆಕೆಯ ಹಳೆಯ ಸಹೋದ್ಯೋಗಿಗಳು ಬೇಡ ಎಂದಿದ್ದರಂತೆ. ಹಡಗೆಂದರೆ ಎಣ್ಣೆ, ಎಣ್ಣೆಯೆಂದರೆ ಮೊಟ್ಟೆಯ ಸಾವು ಎಂದು.

ಆ ಸಲದ ಅತಿಥಿಗಳು ಕುವೈತಿನ ಮಂಗಫ್ ಮತ್ತು ಸಲ್ವಾ ಬಡಾವಣೆಗಳ ನಮ್ಮ ಕರಾವಳಿ ಸಂಘದ ಸಂಸಾರಗಳು. ಸಂಘದ ಅಧ್ಯಕ್ಷರು ರಿಫೈನರಿಯಲ್ಲಿ ಸುರಕ್ಷತಾ ವಿಭಾಗದವರು. ಹಡಗಿನಲ್ಲಿ ಅಡುಗೆಮನೆ ಉಂಟು, ಸ್ಟೀವರ್ಡ್ ಉಂಟು, ಆದರೂ ಸಂಘದವರು ಸಂಪ್ರದಾಯದಂತೆ ಕೋಳಿ ಸುಕ್ಕ, ಘೀ ರೈಸ್, ಪತ್ರೊಡೆಗಳನ್ನು ಮದುವೆಯ ಗಾತ್ರದ ಪಾತ್ರೆಗಳಲ್ಲಿ ಹೊತ್ತು ತಂದರು. ನಮ್ಮ ಸ್ಟೀವರ್ಡ್ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್. ಗ್ಯಾಂಗ್‌ವೇ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಎಂಥ ಇದು ಮಾರಾಯ್ರೆ? ನಮ್ಮ ಹಡಗಲ್ಲಿ ಉಪವಾಸ ಅಂತ ಯಾರು ಹೇಳಿದ್ದು ನಿಮಗೆ?"

"ಸೇಫ್ಟಿಗೆ ಇರ್ಲಿ ಮಾರಾಯ" ಎಂದರು ಅಧ್ಯಕ್ಷರು. "ನಿನ್ನ ಸೂಪು ಕುಡಿದು ನಮ್ಮ ಮಕ್ಕಳು ಬದುಕ್ಬೇಕಲ್ಲ."

"ಆಯ್ತು. ಪಾತ್ರೆ ತೊಳೆಯುವಾಗ ನನ್ನನ್ನು ಕರೀಬೇಡಿ ಮತ್ತೆ."

ಆ ಪಾತ್ರೆಗಳಿಗೆ ಮುಂದೆ ಎಂಥ ಪದವಿ ಕಾದಿತ್ತೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಜುಲೈ ತಿಂಗಳು. ಉತ್ತರದ ಗಾಳಿ ನಿಂತು, ಸಮುದ್ರ ಬಿಸಿ ಗಂಜಿಯ ತಿಳಿಯಂತೆ ಮಂಕಾಗಿ ಬಿದ್ದಿತ್ತು. ಬೆಳಿಗ್ಗೆ ದ್ವೀಪದ ಮರೆಯ ಬದಿಯಲ್ಲಿ ಲಂಗರು ಬಿಟ್ಟೆವು. ಅಬ್ಲಾ ಎಂಜಿನ್ ಕೋಣೆಯ ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟರು. ಮುಖ್ಯ ಎಂಜಿನ್ ನಿಲ್ಲಿಸಿದೆ. ಎಸಿಗಾಗಿ ಒಂದು ಜನರೇಟರ್ ಮಾತ್ರ ಉಳಿಯಿತು. ಜುಲೈಯಲ್ಲಿ ಎಸಿ ನಿಲ್ಲಿಸು ಎನ್ನುವಷ್ಟು ಧೈರ್ಯ ಕುವೈತಿನಲ್ಲಿ ಪಕ್ಷಿಪ್ರೇಮಿಗಳಿಗೂ ಇಲ್ಲ.

ಡೆಕ್ಕಿನ ನೆರಳಲ್ಲಿ ಅಬ್ಲಾ ಪಾಠ ಆರಂಭಿಸಿದರು. ರೀವಗಳು ಬರಿಯ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಉಳಿದ ದೇಶಗಳಲ್ಲಿ ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತದೆ, ಇಲ್ಲಿ ತಂಪು ಕೊಡಬೇಕು. ಹಕ್ಕಿ ಹಾರಿ ಸಮುದ್ರಕ್ಕೆ ಬಂದು, ನೀರಿಗೆ ಹೊಟ್ಟೆ ತಾಗಿಸಿ, ಗರಿಗಳನ್ನು ನೆನೆಸಿಕೊಂಡು ಮರಳಿ ಮೊಟ್ಟೆಯ ಮೇಲೆ ನಿಲ್ಲುತ್ತದೆ. ಒಣಗಿದರೆ ಮತ್ತೆ ಬರುತ್ತದೆ. ಗಂಡು ಹೆಣ್ಣು ಪಾಳಿಯಲ್ಲಿ, ಬಿಸಿಲು ಇಳಿಯುವ ತನಕ.

"ಸೋ ದೇ ಆರ್ ಬೇಸಿಕಲಿ ಎಸಿ?" ಎಂದಳು ಒಬ್ಬಳು ಪುಟ್ಟ ಹುಡುಗಿ.

"ಕನ್ನಡದಲ್ಲಿ ಕೇಳು ಮಗಾ" ಎಂದರು ಅವಳ ಅಮ್ಮ.

"ಎಸಿಗೆ ಕನ್ನಡದಲ್ಲಿ ಎಂಥ?" ಎಂದು ಅಧ್ಯಕ್ಷರು ಕೇಳಿದ್ದಕ್ಕೆ ಇಡೀ ಸಂಘ ಒಮ್ಮೆಲೇ ಹಕ್ಕಿಗಳ ಕಡೆ ತಿರುಗಿತು.

ನಾನು ದುರ್ಬೀನು ಇಸಿದುಕೊಂಡು ನೋಡಿದೆ. ನನ್ನ ಇಡೀ ಕಸುಬೇ ಬಿಸಿಯಾಗುವುದನ್ನು ಸಮುದ್ರದ ನೀರಿನಿಂದ ತಣ್ಣಗಿಡುವುದು. ಆ ಹಕ್ಕಿಗಳಿಗೆ ಪಂಪಿಲ್ಲ, ಕೊಳವೆಯಿಲ್ಲ, ರಜೆಯಿಲ್ಲ. ಸಹೋದ್ಯೋಗಿಗಳೆಂದು ಮನಸ್ಸಿನಲ್ಲೇ ತಲೆಬಾಗಿದೆ. ಒಂದು ಮಾತನ್ನು ಅಬ್ಲಾ ಮಕ್ಕಳಿಗೆ ಎರಡು ಸಲ ಹೇಳಿದರು: ಮೊಟ್ಟೆಯ ಚಿಪ್ಪು ಉಸಿರಾಡುತ್ತದೆ. ಹೊಟ್ಟೆಗೆ ಅಂಟಿದ ಒಂದು ಹನಿ ಎಣ್ಣೆ ಚಿಪ್ಪಿಗೆ ತಾಗಿದರೂ ಒಳಗಿನ ಮರಿ ಸಾಯುತ್ತದೆ.

ಪಾಠ ಮುಗಿಯುವ ಮೊದಲೇ ಎಚ್ಚರಿಕೆಯ ಗಂಟೆ ಹೊಡೆಯಿತು. ಜನರೇಟರ್ ಬಿಸಿಯಾಗಿತ್ತು. ಕೆಳಗಿಳಿಯುವಷ್ಟರಲ್ಲಿ ಅದು ತಾನಾಗಿಯೇ ನಿಂತಿತು. ಎಸಿಯೂ ನಿಂತಿತು.

ಕಾರಣ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಜೆಲ್ಲಿಫಿಶ್, ನಮ್ಮ ಭಾಷೆಯಲ್ಲಿ ಲೋಳೆಮೀನು. ಗಾಳಿಯಿಲ್ಲದ ದಿನ, ದ್ವೀಪದ ಮರೆಯಲ್ಲಿ ಅವು ಹಿಂಡುಗಟ್ಟಿದ್ದವು. ಹಡಗಿನ ತಳದಲ್ಲಿ ಸಮುದ್ರದ ನೀರನ್ನು ಒಳಗೆಳೆಯುವ ಬಾಯಿ ಇರುತ್ತದೆ. ಅಲ್ಲಿಂದ ಒಂದು ವಾಲ್ವ್, ಅದರಾಚೆ ಕಸ ಹಿಡಿಯುವ ಜರಡಿಯ ಪೆಟ್ಟಿಗೆ, ನಂತರ ಎಂಜಿನ್‌ಗಳಿಗೆ ಕೊಳವೆ. ಲೋಳೆಮೀನುಗಳು ಬಾಯಿಯೊಳಗೆ ನುಗ್ಗಿ ಜರಡಿಯಲ್ಲಿ ಗಂಜಿಯಂತೆ ಕಟ್ಟಿಕೊಂಡಿದ್ದವು.

ಜರಡಿ ತೆಗೆಯಲು ಒಂದು ಪದ್ಧತಿ ಉಂಟು. ವಾಲ್ವ್ ಮುಚ್ಚಬೇಕು. ಪೆಟ್ಟಿಗೆಯ ಮುಚ್ಚಳದ ಬೋಲ್ಟುಗಳನ್ನು ಪೂರ್ತಿ ಬಿಚ್ಚದೆ ಸಡಿಲಿಸಬೇಕು. ಸಂದಿಯಿಂದ ನೀರು ಚಿಮ್ಮಿ, ಕ್ರಮೇಣ ನಿಂತರೆ ವಾಲ್ವ್ ಹಿಡಿದಿದೆ ಎಂದರ್ಥ. ಆಮೇಲೆ ಮುಚ್ಚಳ ತೆಗೆಯಬಹುದು. ನಾನು ಮುಚ್ಚಿದೆ, ಸಡಿಲಿಸಿದೆ, ಕಾದೆ. ನೀರು ಚಿಮ್ಮಿತು, ನಿಂತಿತು. ಮುಚ್ಚಳ ತೆಗೆದು ಜರಡಿಯನ್ನು ಮೇಲಕ್ಕೆಳೆದೆ.

ನೀರನ್ನು ಹಿಡಿದದ್ದು ವಾಲ್ವ್ ಅಲ್ಲ, ಲೋಳೆಮೀನು. ವಾಲ್ವಿನ ಬಾಗಿಲಿನ ಕೆಳಗೆ ಕಡಲಚಿಪ್ಪಿನ ಗಡ್ಡೆ ಸಿಕ್ಕಿಕೊಂಡು ಅದು ಪೂರ್ತಿ ಇಳಿದೇ ಇರಲಿಲ್ಲ. ಲೋಳೆಯ ಬಿರಡೆ ಜರಡಿಯ ಜೊತೆ ಕಿತ್ತು ಬಂತು. ಹಿಂದೆಯೇ ಅರೇಬಿಯನ್ ಕೊಲ್ಲಿ ತೊಡೆಯ ಗಾತ್ರದಲ್ಲಿ ಎಂಜಿನ್ ಕೋಣೆಯನ್ನು ಸಂದರ್ಶಿಸಲು ಬಂತು.

ಮುಚ್ಚಳ ಮತ್ತೆ ಕೂರಿಸಲು ನೋಡಿದೆ. ನೀರು ಅದನ್ನು ಕೈಯಿಂದ ಕಸಿದು ಎಸೆಯಿತು. ಹಳೆಯ ಹಡಗುಗಳ ತಳದ ಗುಂಡಿಯಲ್ಲಿ ಎಂಜಿನ್ ಬೆವರಿದ ಎಣ್ಣೆ ಸ್ವಲ್ಪ ನಿಂತಿರುವುದು ಸಹಜ. ಶುವೈಖ್ ಬಂದರಿಗೆ ಹೋದಾಗ ಟ್ಯಾಂಕರಿಗೆ ಕೊಡುತ್ತೇವೆ. ನೀರು ಏರಿದಂತೆ ಆ ಎಣ್ಣೆ ಮೇಲೆದ್ದು ನನ್ನ ಮೊಣಕಾಲಿನ ಸುತ್ತ ಕಪ್ಪು ಲಂಗದಂತೆ ತೇಲಿತು. ಆಗ ಒಂದು ಸದ್ದು ಕೇಳಿತು. ತಳದ ನೀರು ಏರಿದರೆ ತಾನಾಗಿ ಚಾಲೂ ಆಗಿ ಹೊರಗೆ ಎಸೆಯುವ ಬ್ಯಾಟರಿ ಪಂಪು, ನನ್ನ ಅಪ್ಪಣೆ ಕೇಳದೆ ಕರ್ತವ್ಯಕ್ಕೆ ಹಾಜರಾಗಿತ್ತು. ಅದರ ಕೊಳವೆಯ ಬಾಯಿ ಹಡಗಿನ ಯಾವ ಬದಿಯಲ್ಲಿದೆ ಎಂದು ನನಗೆ ಗೊತ್ತಿತ್ತು. ದ್ವೀಪದ ಬದಿಯಲ್ಲಿ.

ಸ್ವಿಚ್ ನನ್ನಿಂದ ಎರಡು ಹೆಜ್ಜೆ, ಏಣಿಯ ಪಕ್ಕದಲ್ಲಿ. ಪಂಪು ಓಡಿದರೆ ಹಡಗಿಗೆ ಭಯವಿಲ್ಲ, ನಿಲ್ಲಿಸಿದರೆ ಇದೆ. ಚಿಕ್ಕ ಪ್ರಶ್ನೆ. ಮೊದಲು ಹಡಗು ಎಂದು ಉತ್ತರವನ್ನು ಪುಸ್ತಕದವರು ಎಂದೋ ಬರೆದಿಟ್ಟಿದ್ದಾರೆ. ನಾನು ಹೋಗಿ ಪಂಪು ನಿಲ್ಲಿಸಿದೆ.

ಈಜಿಪ್ಟಿನ ನಮ್ಮ ಕ್ಯಾಪ್ಟನ್ ಏಣಿಯ ಮೇಲೆ ಕಾಣಿಸಿಕೊಂಡರು. "ಬಾಶ್‌ಮುಹಂದಿಸ್!" ಅವರ ದೇಶದಲ್ಲಿ ಎಂಜಿನಿಯರನ್ನು ಗೌರವದಿಂದ ಕರೆಯುವುದು ಹಾಗೆ. ಗೌರವ ಆ ಕ್ಷಣ ರಜೆಯಲ್ಲಿತ್ತು. "ಪಂಪು ಯಾಕೆ ಬಂದ್? ಯಲ್ಲಾ, ಚಾಲೂ ಕರೋ!"

"ಎಣ್ಣೆ ಹೋಗ್ತದೆ ಕ್ಯಾಪ್ಟನ್. ಹಕ್ಕಿಗಳ ಬದಿಗೆ."

"ಮೇಲೆ ಮಕ್ಕಳಿದ್ದಾರೆ. ನೀನು ಹಕ್ಕಿ ಎನ್ನುತ್ತೀಯಾ?"

ಅವರು ಹೇಳಿದ್ದು ಸರಿ. ಯಾವ ಪರೀಕ್ಷೆಯಲ್ಲೂ ಅಂಕ ಅದಕ್ಕೇ. "ಪಾತ್ರೆ ಕೊಡಿ, ಜನ ಕೊಡಿ" ಎಂದೆ. "ಮೊಗೆದು ಮೇಲೆ ಇಡೋಣ. ಅಷ್ಟರಲ್ಲಿ ತೂತು ಮುಚ್ತೇನೆ."

ಕ್ಯಾಪ್ಟನ್ ಏಣಿ ಇಳಿದು ನೀರಿನ ಮೇಲಿನ ಎರಡನೇ ಮೆಟ್ಟಿಲಲ್ಲಿ ನಿಂತು, ಸ್ವಿಚ್ಚಿನ ಮೇಲೆ ಬೆರಳಿಟ್ಟರು. "ನೀರು ನನ್ನ ಬೂಟಿಗೆ ತಾಗಿದರೆ ಖಲಾಸ್. ನಾನೇ ಒತ್ತುತ್ತೇನೆ." ತಲೆಯೆತ್ತಿ, ಮಕ್ಕಳಿಗೆಲ್ಲ ಲೈಫ್ ಜಾಕೆಟ್ ಹಾಕಿಸಿ ಎಂದು ಕೂಗಿದರು. ಕೋಸ್ಟ್ ಗಾರ್ಡಿಗೆ ರೇಡಿಯೋ ಆಗಲೇ ಹೋಗಿತ್ತು.

ಘೀ ರೈಸ್ ಮತ್ತು ಸುಕ್ಕ ಡೆಕ್ಕಿನ ಮೇಜುಗಳ ಮೇಲೆ ಸುರಿಯಲ್ಪಟ್ಟವು. ಮದುವೆಯ ಪಾತ್ರೆಗಳು ಏಣಿಯಿಳಿದು ಬಂದವು. ಸಂಘದ ಗಂಡಸರು, ಹೆಂಗಸರು ಸಾಲುಗಟ್ಟಿದರು. ಎಸಿ ಸತ್ತ ಕಬ್ಬಿಣದ ಡಬ್ಬಿ, ಎಣ್ಣೆಯ ಹಬೆ. ಯಾರೋ ವಾಂತಿ ಮಾಡಿಕೊಂಡು ಬಂದು ಮತ್ತೆ ಸಾಲಿಗೆ ನಿಂತರು. ಅಧ್ಯಕ್ಷರು ಏಣಿಯ ಬುಡದಲ್ಲಿ ನಿಂತು ಒಂದೇ ಸಮನೆ ಮೊಗೆದರು. "ರಿಫೈನರಿಯಲ್ಲಿ ಹೀಗೆ ಮಾಡಿದ್ರೆ ನನ್ನನ್ನೇ ಕೆಲಸದಿಂದ ತೆಗೀತಿದ್ರು ಮಾರಾಯ" ಎಂದರು. ಮುಂದಿನ ಪಾತ್ರೆಗೆ ಕೈ ಚಾಚಿದರು.

ತೂತು ಮುಚ್ಚಲು ಹಡಗಿನಲ್ಲಿ ಮರದ ಬೂಚುಗಳಿರುತ್ತವೆ, ಒಂದು ತುದಿ ಸಪೂರವಾದ ಶಂಕುವಿನ ಆಕಾರದವು. ಒಂದಕ್ಕೆ ರಬ್ಬರ್ ಸುತ್ತಿ, ಕತ್ತಿನ ತನಕ ನೀರಲ್ಲಿ ಕೂತು, ಪೆಟ್ಟಿಗೆಯೊಳಗೆ ಕೈಬಿಟ್ಟು ಕೊಳವೆಯ ಬಾಯಿಗೆ ಇಟ್ಟೆ. ನೀರು ಉಗುಳಿತು. ಮತ್ತೆ ಇಟ್ಟೆ. ನೀರಿನೊಳಗೆ ಸುತ್ತಿಗೆ ಬೀಸಿದರೆ ಅದು ಕನಸಿನಲ್ಲಿ ಓಡಿದಂತೆ. ಜೊತೆಗೆ ಬರುತ್ತಿದ್ದ ಲೋಳೆಮೀನಿನ ತುಣುಕುಗಳು ತೋಳಿಗೆ, ಕತ್ತಿಗೆ ಬರೆ ಎಳೆದವು. ನಾಲ್ಕನೆಯದೋ ಐದನೆಯದೋ ಸಲ ಬೂಚು ನಿಂತಿತು. ಬಡಿದೆ. ಬಡಿಯುತ್ತಲೇ ಒಮ್ಮೆ ಏಣಿಯತ್ತ ನೋಡಿದೆ. ನೀರು ಕ್ಯಾಪ್ಟನ್‌ರ ಬೂಟಿಗೆ ತಾಗಿತ್ತು. ಅವರು ಒಂದು ಕ್ಷಣ ಬೂಟನ್ನು ನೋಡಿದರು. ಆಮೇಲೆ ಕಾಲನ್ನು ಒಂದು ಮೆಟ್ಟಿಲು ಮೇಲಕ್ಕಿಟ್ಟರು. ಬೆರಳು ಸ್ವಿಚ್ಚಿನ ಮೇಲೇ ಇತ್ತು, ಒತ್ತಲಿಲ್ಲ.

ನೀರು ನಿಂತಿತು.

ಡೆಕ್ಕಿಗೆ ಬಂದಾಗ ಅಲ್ಲಿ ಹಬ್ಬದ ಗದ್ದಲ. ಕಪ್ಪು ನೀರು ತುಂಬಿದ ಪಾತ್ರೆಗಳ ನಡುವೆ ಜನ ನಗುತ್ತಿದ್ದರು. ಅಬ್ಲಾ ಮಾತ್ರ ಕಟಾಂಜನ ಹಿಡಿದು ನೀರನ್ನು ನೋಡುತ್ತಿದ್ದರು. ಸ್ವಿಚ್ ಆರಿಸುವ ಮೊದಲು ಪಂಪು ಒಂದಿಷ್ಟು ಎಸೆದೇಬಿಟ್ಟಿತ್ತು. ಒಂದು ಬಕೆಟ್ ಇರಬಹುದು. ಶಾಂತ ನೀರಿನ ಮೇಲೆ ಒಂದು ಬಕೆಟ್ ಎಣ್ಣೆ ಎಷ್ಟು ಉದಾರವಾಗಿ ಹರಡುತ್ತದೆಂದು ನೋಡಿದವರಿಗೇ ಗೊತ್ತು. ಹಡಗಿನಿಂದ ದ್ವೀಪದ ಕಡೆಗೆ ಬಣ್ಣಬಣ್ಣದ ರಿಬ್ಬನ್ ಒಂದು ನಿಧಾನವಾಗಿ ಚಾಚುತ್ತಿತ್ತು. ಹಕ್ಕಿಗಳು ಹೊಟ್ಟೆ ನೆನೆಸಲು ಬರುವುದು ಆ ನೀರಿಗೇ.

ನಮ್ಮಲ್ಲಿದ್ದ ಎಣ್ಣೆ ಹೀರುವ ಬಟ್ಟೆ ಎಂಜಿನ್ ಕೋಣೆಗೇ ಮುಗಿದಿತ್ತು. "ಹಾರ್ನ್ ಹೊಡೆದು ಹಕ್ಕಿಗಳನ್ನು ಓಡಿಸಿದರೆ?" ಎಂದು ಕೇಳಿದೆ.

"ಈ ಬಿಸಿಲಲ್ಲಿ ಅವು ಎದ್ದರೆ ಮೊಟ್ಟೆ ಬೇಯುತ್ತದೆ" ಎಂದರು ಅಬ್ಲಾ. ನಂತರ ಹಿಂದಿಯಲ್ಲಿ, "ಗೂಡಿನಿಂದ ಓಡಿಸಬಾರದು. ಈ ನೀರಿನಿಂದ ಮಾತ್ರ ದೂರ ಇಡಬೇಕು. ರಬ್ಬರ್ ಬೋಟ್ ಇಳಿಸಿ. ನಾವೇ ಹೋಗಿ ಎಣ್ಣೆಯ ಮೇಲೆ ಕೂರೋಣ."

ಹಾಗೆ, ದೀರ್ಘಕಾಲದ ಎಂಜಿನಿಯರಿಕೆಯ ನಂತರ ನನಗೆ ಬೆದರುಬೊಂಬೆಯಾಗಿ ಬಡ್ತಿ ಸಿಕ್ಕಿತು. ಎಂಜಿನ್ ಹಾಕದೆ ಹುಟ್ಟು ಹಾಕಿಕೊಂಡು ಹೋಗಿ, ರಿಬ್ಬನಿನ ತುದಿಯಲ್ಲಿ ಬೋಟ್ ನಿಲ್ಲಿಸಿದೆವು. ಅಬ್ಲಾ ಒಂದು ಬದಿಗೆ ತಮ್ಮ ಬಿಳಿ ಶಾಲನ್ನು ಬೀಸುತ್ತ ಕೂತರು, ಇನ್ನೊಂದು ಬದಿಗೆ ನಾನು ಅಂಗಿ ಬಿಚ್ಚಿ ಬೀಸುತ್ತ. ಹಕ್ಕಿಗಳು ನಮ್ಮತ್ತ ಬಂದು, ಬೈದು, ತಿರುಗಿ ದ್ವೀಪದ ಆಚೆ ಬದಿಯ ನೀರಿಗೆ ಹೋಗತೊಡಗಿದವು. ರಿಬ್ಬನ್ ಸರಿದರೆ ನಾವೂ ಸರಿಯುತ್ತಿದ್ದೆವು. ಬಣ್ಣ ಕಾಣುತ್ತಿದ್ದುದರಿಂದ ಕಾವಲು ಸುಲಭವಿತ್ತು.

"ಎಷ್ಟು ಹೊತ್ತು ಹೀಗೆ?" ಎಂದೆ.

"ಉಬ್ಬರ ಮುಗಿದು ಇಳಿತ ಶುರುವಾದರೆ ಎಣ್ಣೆ ಹೊರಗೆ ಹೋಗುತ್ತದೆ. ಅಲ್ಲಿಯ ತನಕ." ಆಕೆ ನನ್ನ ಬರೆ ಬಿದ್ದ ತೋಳು ನೋಡಿದರು. "ಪಂಪು ನೀನೇ ನಿಲ್ಲಿಸಿದೆಯಂತೆ. ಕ್ಯಾಪ್ಟನ್ ಹೇಳಿದರು. ದೂರು ಹೇಳುವ ಧಾಟಿಯಲ್ಲೇ ಹೇಳಿದರು."

ಅಷ್ಟರಲ್ಲಿ ಹಡಗಿನ ಸಣ್ಣ ದೋಣಿಯಲ್ಲಿ ಸ್ಟೀವರ್ಡ್ ಮತ್ತು ಅಧ್ಯಕ್ಷರು ಬರುವುದು ಕಂಡಿತು. ಸ್ಟೀವರ್ಡ್‌ನ ತೊಡೆಯ ಮೇಲೆ ಒಂದು ಕ್ಯಾನು. ನೀರು ತಂದನೆಂದು ನನಗೆ ಸಂತೋಷವಾಯಿತು.

"ಅಣ್ಣಾ, ನೀವು ಬಿಸಿಲಲ್ಲಿ ಸಾಯೋದು ಬೇಡ!" ಎಂದು ಕೂಗಿದ. "ಮದ್ದು ತಂದಿದ್ದೇನೆ!"

ಅದು ಪಾತ್ರೆ ತೊಳೆಯುವ ಸೋಪು. ಬಂದರಿನಲ್ಲಿ ನೀರಿನ ಮೇಲೆ ಎಣ್ಣೆ ಕಂಡರೆ, ಇನ್‌ಸ್ಪೆಕ್ಟರ್ ಬರುವ ಮೊದಲು ಹಡಗಿನವರು ಸೋಪು ಸುರಿಯುತ್ತಾರೆ. ಬಣ್ಣ ಮಾಯವಾಗುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಕಾಣದವರಿಲ್ಲ, ಕಲಿಸಬೇಕಾದವರೂ ಇಲ್ಲ. ಅವನ ಕೈ ಅದನ್ನು ತಾನಾಗಿಯೇ ಮಾಡಿತು. ನಾನು "ಬೇಡ!" ಎಂದದ್ದು, ಅಬ್ಲಾ ಅರಬ್ಬಿಯಲ್ಲಿ ಕಿರುಚಿದ್ದು, ಅವನ ಕ್ಯಾನು ಬಾಗಿದ್ದು ಎಲ್ಲ ಒಟ್ಟಿಗೇ ಆಯಿತು. ಸೋಪು ನೀರಿಗೆ ಬಿದ್ದೊಡನೆ ಬಣ್ಣದ ಪದರ ಹೆದರಿದ ಮೀನಿನ ಹಿಂಡಿನಂತೆ ನಾಲ್ಕೂ ಕಡೆಗೆ ಚದುರಿ ಓಡಿತು. ರಿಬ್ಬನ್ ಹರಿದು, ತೆಳುವಾಗಿ, ಇಲ್ಲವಾಯಿತು. ಡೆಕ್ಕಿನ ಮೇಲಿಂದ ಸಂಘದವರು ಚಪ್ಪಾಳೆ ತಟ್ಟಿದರು.

"ನೋಡಿ! ಕ್ಲೀನ್ ಆಯ್ತಲ್ಲ?" ಎಂದ ಸ್ಟೀವರ್ಡ್, ಅಬ್ಲಾರ ಮುಖ ನೋಡುತ್ತ. ಎರಡನೇ ಸಲ ಹೇಳುವಾಗ ದನಿ ಇಳಿದಿತ್ತು. "ಕ್ಲೀನ್ ಆಗ್ಲಿಲ್ವಾ ಅಣ್ಣಾ?"

ಅಬ್ಲಾ ಶಾಲನ್ನು ಮಡಿಲಲ್ಲಿ ಇಟ್ಟುಕೊಂಡರು. ಬೈಯಲಿಲ್ಲ. ತರಗತಿಯಲ್ಲಿ ಹೇಳುವಷ್ಟು ಸಮಾಧಾನದಿಂದ ಹೇಳಿದರು. ಎಣ್ಣೆ ಎಲ್ಲಿಗೂ ಹೋಗಿಲ್ಲ, ಹನಿಹನಿಯಾಗಿ ನೀರಲ್ಲೇ ಇದೆ. ಸೋಪು ಹಕ್ಕಿಯ ಗರಿಯ ಜಿಡ್ಡನ್ನೂ ತೆಗೆಯುತ್ತದೆ, ಹಾಗಾಗಿ ಆ ಗರಿ ಇನ್ನೂ ಹೆಚ್ಚು ಹೀರುತ್ತದೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಈಗ ಎಲ್ಲಿ ಕೂರೋಣ, ಮುಹಂದಿಸ್?"

ಸುತ್ತ ನೋಡಿದೆ. ನೀರು ಎಲ್ಲ ಕಡೆ ಒಂದೇ ಥರ ಸ್ವಚ್ಛವಾಗಿತ್ತು. ಬಲಕ್ಕೆ ಒಂದು ಹಕ್ಕಿ ಬಂದು ಹೊಟ್ಟೆ ನೆನೆಸಿತು. ಅಲ್ಲಿಗೆ ಹುಟ್ಟು ಹಾಕಿದೆವು. ಎಡಕ್ಕೆ ಮೂರು ಬಂದವು. ಮೂಡಣ ತುದಿಯಲ್ಲಿ ಇನ್ನಷ್ಟು. ಸ್ಟೀವರ್ಡ್ ತನ್ನ ದೋಣಿಯಲ್ಲಿ ಎದ್ದು ನಿಂತು ಕ್ಯಾನನ್ನೇ ಬೀಸುತ್ತ "ಹುಶ್, ಹುಶ್" ಎಂದು ಕೂಗಾಡಿದ. ಅಧ್ಯಕ್ಷರು ಅವನ ಸೊಂಟ ಹಿಡಿದುಕೊಂಡು ಕೂತಿದ್ದರು. ಹಕ್ಕಿಗಳು ನಾವಿಲ್ಲದ ಕಡೆ ಇಳಿದು, ನೆನೆದು, ಮರಳಿ ಹೋದವು. ಅವುಗಳ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ಕೋಸ್ಟ್ ಗಾರ್ಡಿನ ದೋಣಿ ಬಂದು ನಮ್ಮನ್ನು ಎಳೆದುಕೊಂಡು ಹೋಗುವ ತನಕ ನಾವು ಆ ಸ್ವಚ್ಛ ನೀರಿನಲ್ಲಿ ಅತ್ತಿಂದಿತ್ತ ಅಲೆದೆವು.

ನಡೆದದ್ದನ್ನು ಅಬ್ಲಾ ತಾವೇ ಮೊದಲಾಗಿ ವರದಿ ಮಾಡಿದರು. ತಾವು ಕೊಟ್ಟ ಮಾತನ್ನು ತಾವೇ ಹಿಂದಕ್ಕೆ ಪಡೆದರು. ಆ ದ್ವೀಪದ ಯಾನ ನಿಂತಿತು. ಕಂಪನಿಯವರು ಜಾಹೀರಾತಿನಲ್ಲಿ 'ತಾಂತ್ರಿಕ ಕಾರಣ' ಎಂದು ಹಾಕಿದರು. ಆ ಕಾರಣ ಶುವೈಖ್‌ನ ಹಡಗು ರಿಪೇರಿ ಯಾರ್ಡಿನಲ್ಲಿ ಹೊಸ ವಾಲ್ವ್ ಹಾಕಿಸುತ್ತ ಕೂತಿತು. ಸ್ಟೀವರ್ಡ್ ದಿನಾ ಬಂದು ನನ್ನ ಪಕ್ಕ ನಿಲ್ಲುತ್ತಿದ್ದ. ಬಾಯಿ ಮುಚ್ಚಿ ಕೂರುವವನಲ್ಲ ಅವನು. ಆ ದಿನಗಳಲ್ಲಿ ಕೇಳಿದ್ದು ಒಂದೇ. "ಅಬ್ಲಾ ಏನಾದ್ರೂ ಹೇಳಿದ್ರಾ ಅಣ್ಣಾ?"

ಕೆಲವು ವಾರಗಳ ರಿಪೇರಿಯ ನಂತರ ಹಡಗನ್ನು ಸಮುದ್ರದಲ್ಲಿ ಓಡಿಸಿ ನೋಡಬೇಕಿತ್ತು. ಅತಿಥಿಗಳಿಲ್ಲ. ಅಬ್ಲಾ ಪರವಾನಗಿ ತಂದು ಜೊತೆಗೆ ಬಂದರು. ಈ ಸಲ ದ್ವೀಪದಿಂದ ಇನ್ನೂ ದೂರ, ಗಾಳಿ ಅಲ್ಲಿಂದ ನಮ್ಮತ್ತ ಬೀಸುವ ಕಡೆ ನಿಂತೆವು. ಉತ್ತರದ ಗಾಳಿ ಮರಳಿ ಬಂದು ಸಮುದ್ರ ಎದ್ದಿತ್ತು. ಅಬ್ಲಾ ಬಹಳ ಹೊತ್ತು ದುರ್ಬೀನಿನಲ್ಲಿ ನೋಡಿ ಅದನ್ನು ನನ್ನ ಕೈಗೆ ಕೊಟ್ಟರು.

ದ್ವೀಪದ ಆಚೆ ಬದಿಯಲ್ಲಿ ಮರಿಗಳು. ಮರಳಿನ ಬಣ್ಣದ ಉಂಡೆಗಳು ಪೊದೆಯಿಂದ ಪೊದೆಗೆ ಓಡುತ್ತಿದ್ದವು. ಈಚೆ ಬದಿಯಲ್ಲಿ, ನಾವು ಅಂದು ಲಂಗರು ಬಿಟ್ಟಿದ್ದ ಕಡೆ, ಮರಿಗಳಿಲ್ಲ. ಹಕ್ಕಿಗಳು ಮಾತ್ರ ಮೊಟ್ಟೆಗಳ ಮೇಲೆ ಹಾಗೆಯೇ ಇದ್ದವು.

"ಒಡೆಯುವ ಕಾಲ ದಾಟಿದೆ" ಎಂದರು ಅಬ್ಲಾ. "ಆದರೂ ಇನ್ನೂ ಕೆಲವು ದಿನ ಕೂರುತ್ತವೆ."

ಆಮೇಲೆ ಸ್ಟೀವರ್ಡ್ ಬಾಗಿಲಲ್ಲಿ ಬಂದು ನಿಂತ. ದುರ್ಬೀನು ಕೇಳಲಿಲ್ಲ. ಕೈ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದ.

"ಕೂತಿದ್ದಾವಾ ಅಣ್ಣಾ?"

ನಾನು ಅಬ್ಲಾರನ್ನು ನೋಡಿದೆ. ಕನ್ನಡ ಬಾರದಿದ್ದರೂ ಪ್ರಶ್ನೆ ಅವರಿಗೆ ಅರ್ಥವಾಗಿತ್ತು. ಅವರು ಸಮುದ್ರದ ಕಡೆ ಮುಖ ತಿರುಗಿಸಿದರು.

"ಕೂತಿವೆ" ಎಂದೆ.

ಅವನು ಶಿಲುಬೆಯ ಗುರುತು ಮಾಡಿಕೊಂಡ. "ದೇವರು ದೊಡ್ಡವ" ಎಂದ. "ಚಾ ಇಡ್ತೇನೆ. ಅಬ್ಲಾರಿಗೆ ಶುಂಠಿ ಹಾಕಿ."

ಒಳಗೆ ಪಾತ್ರೆಯ ಸದ್ದು, ಕೂಡಲೇ ಅವನ ಹಾಡೂ ಶುರುವಾಯಿತು. ನಾನು ದುರ್ಬೀನು ಮತ್ತೆ ಕಣ್ಣಿಗಿಟ್ಟೆ. ಈಚೆ ಬದಿಯ ಹಕ್ಕಿಯೊಂದು ಎದ್ದು, ಗಾಳಿಗೆ ಎದುರಾಗಿ ಹಾರಿ ನೀರಿಗೆ ಬಂತು. ಹೊಟ್ಟೆ ತಾಗಿಸಿತು, ಎರಡು ಸಲ, ಮೂರು ಸಲ, ಚೆನ್ನಾಗಿ ನೆನೆಯುವ ತನಕ. ಮರಳಿ ಹೋಗಿ ಮೊಟ್ಟೆಯ ಮೇಲೆ ಕಾಲಗಲಿಸಿ ನಿಂತು, ಗರಿಗಳನ್ನು ಬಿಚ್ಚಿ ಹರಡಿತು.